ಮೂವತ್ತೇಳನೆಯ ಕಾರ್ಡ್

ಸಭೆಗೆ ಮುಂಚೆ ಕಾರ್ಡನ್ನು ವಾಪಸ್ ಇಟ್ಟುಬಿಡಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಹರ್ಷಿಣಿ ವಿಶ್ವವಿದ್ಯಾಲಯದ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು, ಫೈಲನ್ನು ಎದೆಗೊತ್ತಿಕೊಂಡು ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು.

"ತಲೆ ಕೆಟ್ಟಿದ್ಯಾ ನಿಂಗೆ?" ಪಕ್ಕದ ಮನೆಯ ವಸುಧಾ ಆ ಕಡೆಯಿಂದ ಗದರಿದಳು. "ಏಪ್ರಿಲ್‌ಗೆ ಕಾಂಟ್ರಾಕ್ಟ್ ರಿನ್ಯೂ ಆಗ್ಲಿಲ್ಲ ಅಂದ್ರೆ ವೀಸಾನೂ ಇಲ್ಲ. ಅವರು ಯಾರೋ, ನೀನು ಯಾರೋ. ನಿಂಗ್ಯಾಕೇ ಈ ಉಸಾಬರಿ?"

"ಅದ್ರಲ್ಲಿ ಬರ್ದಿದೆ ಕಣೇ."

"ಬರ್ದಿರ್ಲಿ. ತೊಂಬತ್ತು ವರ್ಷದಿಂದ ಬರ್ದಿತ್ತು, ನೀನು ಬಂದೇ ಓದ್ಬೇಕಿತ್ತಾ? ವಾಪಸ್ ಇಡು. ಆಮೇಲೆ ಕೊಂಬಿನಿ ಅಂಗಡಿ ಹತ್ರ ಬಾ, ಕಾಫಿ ಕೊಡಿಸ್ತೀನಿ."

ಹೊಕ್ಕೈಡೊ ದ್ವೀಪದ ಮೂಲನಿವಾಸಿಗಳಾದ ಐನು ಜನರ ಗೋರಿಗಳನ್ನು ಅಗೆದು, ಸಂಶೋಧನೆಗೆಂದು ತಂದ ಮೂಳೆಗಳು ಕೆಳಗಿನ ಕೋಣೆಯಲ್ಲಿದ್ದವು. ಒಂದೊಂದು ಪೆಟ್ಟಿಗೆಗೆ ಒಂದೊಂದು ಕಾರ್ಡ್. ಅವನ್ನು ಸ್ಕ್ಯಾನ್ ಮಾಡಿ ಪಟ್ಟಿ ಮಾಡುವುದು ಹರ್ಷಿಣಿಯ ಕೆಲಸ. ಮೂವತ್ತೇಳನೆಯದರಲ್ಲಿ ಸತ್ತವನ ಹೆಸರಿತ್ತು, ಊರಿತ್ತು. ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು: ಮಗಳು ಅಡ್ಡ ಬಂದಳು, ಹಿಡಿದು ಕೂರಿಸಿ ಅಗೆದೆವು.

ನಿನ್ನೆ ವಿಭಾಗದ ಮುಖ್ಯಸ್ಥ ಒಗಾತಾ ಸಾನ್ ಅದನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಪಟ್ಟಿಯಲ್ಲಿ ಬೇಡ, ಹರ್ಷಿಣಿ ಸಾನ್. ಏಪ್ರಿಲ್ ವಿಷಯ ಮುಂದಿನ ವಾರ ಮಾತಾಡೋಣ." ದನಿ ಎತ್ತಲಿಲ್ಲ. ಎಂದೂ ದನಿ ಎತ್ತಿದವರಲ್ಲ. ಹೋದ ವರ್ಷ ಗಂಡ ಭುವನ್ ತೀರಿಕೊಂಡಾಗ, ಊರಿನಿಂದ ಯಾರೂ ಬಂದು ಸೇರಲಾಗದೆ, ಚಿತಾಗಾರದಲ್ಲಿ ಅವಳ ಪಕ್ಕ ನಿಂತವರು ಅವರೇ. ಇಲ್ಲಿನ ಪದ್ಧತಿಯಂತೆ ಇಬ್ಬರೂ ಉದ್ದನೆಯ ಕಡ್ಡಿಗಳಿಂದ ಒಂದೇ ಮೂಳೆಯನ್ನು ಒಟ್ಟಿಗೆ ಹಿಡಿದು ಮಡಕೆಗೆ ಇಳಿಸಿದ್ದರು. ಅವಳ ಕಡ್ಡಿ ನಡುಗಿತ್ತು. ಅವರದು ನಡುಗಿರಲಿಲ್ಲ.

ಕಾರ್ಡ್ ತೆಗೆದವರು ಆ ಜಾಗದಲ್ಲಿ ತಮ್ಮ ಹೆಸರಿನ ಕೆಂಪು ಚೀಟಿ ಸಿಕ್ಕಿಸಬೇಕೆಂಬುದು ಅಲ್ಲಿನ ನಿಯಮ. ಬೆಳಿಗ್ಗೆ ಯಾರಿಗೂ ಕಾಣದಂತೆ ಕಾರ್ಡ್ ಎತ್ತಿಕೊಂಡವಳು, ಅಭ್ಯಾಸಬಲದಿಂದ ಚೀಟಿಯನ್ನೂ ಸಿಕ್ಕಿಸಿ ಬಂದಿದ್ದಳು. ಅದು ನೆನಪಾದದ್ದು ಈಗ.

ಚೀಟಿ ತೆಗೆಯಲೆಂದು ಎದ್ದಳು. ಅಷ್ಟರಲ್ಲಿ ಕೆಳಗಿನ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ದೀಪ ಹತ್ತಿತು. ಯಾರೋ ಕಪಾಟಿನ ಡ್ರಾಯರ್‌ಗಳನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದರು. ಹರ್ಷಿಣಿ ಚಪ್ಪಲಿ ಸದ್ದಾಗದಂತೆ ಮೇಲಕ್ಕೆ ಹತ್ತಿದಳು.

ಮೂಳೆಗಳನ್ನು ವಾಪಸ್ ಕೇಳುವ ಸಭೆಗೆ ಹೊಕ್ಕೈಡೊದಿಂದ ಐನು ಜನರ ಪರವಾಗಿ ಒಬ್ಬರೇ ಬಂದಿದ್ದರು. ಎಪ್ಪತ್ತು ದಾಟಿದ ಹೆಂಗಸು, ಸಾವಾದಾ ಸಾನ್, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎದುರಿಗೆ ಆಡಳಿತಾಧಿಕಾರಿ. ತುಸು ತಡವಾಗಿ ಒಳಬಂದ ಒಗಾತಾ ಸಾನ್, ಟಿಪ್ಪಣಿ ಬರೆಯಲು ಮೂಲೆಯಲ್ಲಿ ಕೂತಿದ್ದ ಹರ್ಷಿಣಿಯ ಕಡೆ ನೋಡಲಿಲ್ಲ. ಅವರ ಬೆರಳುಗಳಲ್ಲಿ ಕೆಂಪು ಚೀಟಿಯೊಂದು ಮಡಚಿಕೊಂಡಿತ್ತು. ಅದು ತನ್ನದೇ ಎಂದು ಗುರುತಿಸಿದವಳು ಫೈಲನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಇಪ್ಪತ್ತರ ವಯಸ್ಸಲ್ಲಿ ಇದೇ ಗೇಟಿನ ಮುಂದೆ ಫಲಕ ಹಿಡಿದು ಕೂತಿದ್ದೆ," ಎಂದರು ಸಾವಾದಾ ಸಾನ್. "ಪೊಲೀಸರು ಎತ್ತಿ ಆಚೆ ಹಾಕಿದ್ರು. ಈಗ ಟೀ ಕೊಡ್ತೀರಿ. ಸಂತೋಷ. ನಾವು ಮೂಲನಿವಾಸಿಗಳು ಅಂತ ಸಂಸತ್ತೂ ಒಪ್ಪಿಕೊಂಡಿದೆ. ನಮ್ಮ ಮುತ್ತಜ್ಜ ಮಾತ್ರ ಇನ್ನೂ ನಿಮ್ಮ ಪೆಟ್ಟಿಗೆಯಲ್ಲೇ ಇದ್ದಾರೆ."

ಅಧಿಕಾರಿ ತಲೆಬಾಗಿಸಿದರು. "ಕ್ಷಮಿಸಿ. ಆ ಗೋರಿಗೆ ನಿಮ್ಮ ಮನೆಯವರು ಹೋಗಿ ಬರುತ್ತಿದ್ದರು ಎನ್ನಲು ಆಧಾರವಿಲ್ಲ. ನೋಡಿಕೊಳ್ಳುವವರಿಲ್ಲದ ಗೋರಿ ಎಂದೇ ನಮ್ಮ ಕಡತದಲ್ಲಿದೆ."

"ನಮ್ಮಲ್ಲಿ ಹೂತ ಮೇಲೆ ಗೋರಿಗೆ ಹೋಗೋ ಪದ್ಧತಿ ಇಲ್ಲ. ಅವರನ್ನ ಅವರ ಪಾಡಿಗೆ ಬಿಟ್ಟು, ಮನೆ ಒಲೆ ಹತ್ರ ನೆನೀತೀವಿ. ಯಾರೂ ಬರಲ್ಲ ಅಂದ್ರೆ ಯಾರೂ ಇಲ್ಲ ಅಂತಲ್ಲ." ಅವರು ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದರು. "ಆವತ್ತು ನಮ್ಮಜ್ಜಿ ಅಡ್ಡ ಹೋದ್ರು. ಇಬ್ಬರು ಅವರನ್ನ ಹಿಡಿದು ಕೂರಿಸಿದ್ರು. ಸಾಯೋವರೆಗೂ ಹೇಳ್ತಿದ್ರು."

"ಅಂಥ ದಾಖಲೆ ನಮ್ಮಲ್ಲಿ ಇದೆಯೇ, ಒಗಾತಾ ಸಾನ್?"

ಒಗಾತಾ ಸಾನ್ ಮೇಜನ್ನೇ ನೋಡುತ್ತಿದ್ದರು. "ಇಲ್ಲ."

ಸಾವಾದಾ ಸಾನ್ ಮೂಲೆಯ ಕಡೆ ತಿರುಗಿದರು. "ಕಾರ್ಡ್ ನೋಡೋ ಹುಡುಗಿ ನೀನೇ ಅಲ್ವೇನಮ್ಮ? ನೀನು ಏನಾದ್ರೂ ಕಂಡ್ಯಾ?"

ಹರ್ಷಿಣಿಗೆ ಏಪ್ರಿಲ್ ಬಿಟ್ಟು ಬೇರೇನೂ ತಲೆಗೆ ಬರಲಿಲ್ಲ. ಒಗಾತಾ ಸಾನ್ ಈಗ ಅವಳನ್ನೇ ನೋಡುತ್ತಿದ್ದರು. ಕೋಪದಿಂದಲ್ಲ, ಚಿತಾಗಾರದಲ್ಲಿ ನೋಡಿದ ಹಾಗೆಯೇ.

"ಸುಮಿಮಾಸೆನ್," ಎಂದಳು. ಯಾರಲ್ಲಿ ಕ್ಷಮೆ ಕೇಳಿದೆನೆಂದು ಅವಳಿಗೇ ತಿಳಿಯಲಿಲ್ಲ. ಎದ್ದು, ಫೈಲ್ ತೆರೆದು, ಮೇಜಿನ ಸುತ್ತ ನಡೆದುಹೋಗಿ, ಕಾರ್ಡನ್ನು ಎರಡೂ ಕೈಯಲ್ಲಿ ಚಾಚಿದಳು.

ಸಾವಾದಾ ಸಾನ್ ಅದರ ಆ ತುದಿಯನ್ನು ಎರಡೂ ಕೈಯಲ್ಲಿ ಹಿಡಿದರು. ಈ ತುದಿಯಲ್ಲಿ ಹರ್ಷಿಣಿಯ ಬೆರಳುಗಳು ಇನ್ನೂ ಸಡಿಲವಾಗುತ್ತಿರಲಿಲ್ಲ. ಮುದುಕಿ ಎಳೆಯಲಿಲ್ಲ. ಹಾಗೇ ಹಿಡಿದುಕೊಂಡು ಕಾದರು.