ಹಲ್ಲಿನಿಂದ ಕೇಳುವ ಭಾವ

ಲೋಕದ ಜನರೆಲ್ಲ ಕಿವಿಯಿಂದ ಕೇಳುತ್ತಾರೆ. ಭಾವ ಕೇಳುತ್ತಿದ್ದುದು ಹಲ್ಲಿನಿಂದ. ಮೊಳದುದ್ದದ ಮರದ ಕೋಲೊಂದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಮುಂಬಲ್ಲುಗಳಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತರೆಂದರೆ ಗ್ಯಾರೇಜಿನ ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿಯುತ್ತಿತ್ತು. ಒಮ್ಮೆ ಹೀಗೆ ಕೋಲು ಕಚ್ಚಿದವರು ಎದುರಿಗಿದ್ದ ಲಾರಿಯ ರೋಗವನ್ನಷ್ಟೇ ಅಲ್ಲ, ಪಕ್ಕದಲ್ಲಿ ನಿಂತಿದ್ದ ಬಸ್ಸಿನ ರೋಗವನ್ನೂ, ಆ ಬಸ್ಸಿನ ಡ್ರೈವರನ ಹೊಟ್ಟೆಯ ಹುಣ್ಣನ್ನೂ ಹೇಳಿಬಿಟ್ಟರೆಂದು ಪಕ್ಕದ ವೆಲ್ಡಿಂಗ್ ಅಂಗಡಿಯವನು ಇಂದಿಗೂ ಆಣೆ ಮಾಡುತ್ತಾನೆ. ಸ್ವಲ್ಪ ಹೆಚ್ಚಾಯಿತಲ್ಲವೇ ಎಂದು ಕೇಳಿದರೆ, ಬಸ್ಸನ್ನು ಬೇಕಾದರೆ ಬಿಟ್ಟುಕೊಡುತ್ತಾನೆ, ಹುಣ್ಣನ್ನು ಮಾತ್ರ ಬಿಡುವುದಿಲ್ಲ.

ಅವರು ನಿಜಕ್ಕೂ ಭಾವನಾಗಬೇಕಾದದ್ದು ಒಬ್ಬನಿಗೆ ಮಾತ್ರ: ಹಳೆಯ ಲಾರಿಯೊಂದರ ಒಡೆಯನೂ ಚಾಲಕನೂ ಆದ, ಅವರ ಹೆಂಡತಿಯ ತಮ್ಮನಿಗೆ. ಈ ಬಾಮೈದ ಕರೆಯುವುದನ್ನು ಕೇಳಿ ಕೇಳಿ ಇಡೀ ಬೀದಿಗೇ ಅವರು ಭಾವನಾಗಿಬಿಟ್ಟರು. ಲಾರಿಗಳ ಸಂದಿಯಲ್ಲೇ ಆಯುಷ್ಯ ಕಳೆದದ್ದರಿಂದಲೋ ಏನೋ, ಬಟ್ಟಬಯಲಿನಲ್ಲೂ ಎಡಭುಜ ಮುಂದೆ ಮಾಡಿ ಓರೆಯಾಗಿ ನುಸುಳುತ್ತ ನಡೆಯುವರು. ಮೈಮೇಲಿನ ಕೋಟಿನ ಮೂಲ ಬಣ್ಣ ಯಾವುದೆಂಬ ಬಗ್ಗೆ ಗಂಡಹೆಂಡಿರಲ್ಲೇ ಒಮ್ಮತವಿಲ್ಲ. ಒಗೆಯಲು ಕೊಡಿ ಎಂದರೆ, "ಎಣ್ಣೆ ಹೋದ್ರೆ ಬಟ್ಟೆ ಸವೆಯುತ್ತೆ ಕಣೇ" ಎನ್ನುವರು. ಇಂಜಿನ್ನಿನ ಬಗ್ಗೆ ಯಾರಾದರೂ ತಮ್ಮ ಪಾಂಡಿತ್ಯ ಬಿಚ್ಚಹೊರಟರೆ ಅವರದು ಒಂದೇ ಮಾತು: "ತಡಿ, ಅದೇ ಹೇಳುತ್ತೆ."

ಇಂಥ ಮಹಾಪುರುಷರು ಬಾಮೈದನ ಲಾರಿಯ ಇಂಜಿನ್ನನ್ನು ಪೂರ್ತಿ ಬಿಚ್ಚಿ, ತೊಳೆದು, ಹೊಸ ಪಿಸ್ಟನ್ನು, ಹೊಸ ಬೇರಿಂಗು ಹಾಕಿ ಮತ್ತೆ ಕಟ್ಟಿದರು. ಮರುದಿನ ಬೆಳಿಗ್ಗೆ ಸಿಮೆಂಟಿನ ಲೋಡು ಹೊತ್ತು ಬೆಟ್ಟದ ದಾರಿ ಹತ್ತಬೇಕಿತ್ತು. ತಪ್ಪಿಸಿದರೆ ಮತ್ತೆ ಕರೆಯುವುದಿಲ್ಲವೆಂದು ಕಾರ್ಖಾನೆಯವರು ಖಂಡತುಂಡವಾಗಿ ಹೇಳಿದ್ದರು. ಬಾಮೈದ ಚಾವಿ ತಿರುಗಿಸಿದ. ಇಂಜಿನ್ನು ಹೊಗೆ ಕೆಮ್ಮಿ ಎದ್ದು ಗುಡುಗುಡು ಎಂದಿತು; ಅವನ ಕಿವಿಗೆ ಅದು ಜೋಗುಳದಂತಿತ್ತು. ಭಾವ ಕೋಲು ಕಚ್ಚಿದರು. ಮರುಕ್ಷಣ ಅವರ ಮುಖ ಸುಣ್ಣದಂತಾಯಿತು.

"ಆಫ್ ಮಾಡೋ!"

"ಯಾಕೆ ಭಾವ, ಏನಾಯ್ತು?"

"ಬಡೀತಿದೆ. ಟಕಟಕ ಅಂತ ಬಡೀತಿದೆ. ನಾನು ಕಟ್ಟಿದ ಇಂಜಿನ್ನು!"

ಬಾಮೈದನಿಗೆ ಸಿಡಿಲೆರಗಿದಂತಾಯಿತು. ವೆಲ್ಡಿಂಗ್ ಅಂಗಡಿಯವನು ಕಪ್ಪು ಕನ್ನಡಕ ಹಣೆಗೇರಿಸಿ ಬಾಯಿ ತೆರೆದು ನಿಂತ. ಇಬ್ಬರಿಗೂ ಯಾವ ಸದ್ದೂ ಕೇಳಿಸಿರಲಿಲ್ಲ. ಆದರೆ ಭಾವನ ಹಲ್ಲಿನ ಮುಂದೆ ಹುಲುಮಾನವರ ಕಿವಿ ಯಾವ ಲೆಕ್ಕ?

ದಂಡಯಾತ್ರೆ ಶುರುವಾಯಿತು. ಫ್ಯಾನ್ ಬೆಲ್ಟು ಕಳಚಿದರು, ಬಡಿತ ನಿಲ್ಲಲಿಲ್ಲ. ವಾಲ್ವುಗಳ ಸಂದು ಹೊಂದಿಸಿದರು, ನಿಲ್ಲಲಿಲ್ಲ. ಲಾರಿಯಡಿ ಅಂಗಾತ ಮಲಗಿ, ಆಯಿಲ್ ತೊಟ್ಟಿ ಇಳಿಸಿ ನೋಡಿದರೆ ಬೇರಿಂಗುಗಳೆಲ್ಲ ಕನ್ನಡಿಯಂತೆ ಹೊಳೆಯುತ್ತಿದ್ದವು. ಎಲ್ಲ ಮತ್ತೆ ಜೋಡಿಸಿ ಶುರುಮಾಡಿದರೆ, ಕೋಲನ್ನು ರೇಡಿಯೇಟರಿಗಿಟ್ಟರೂ ಟಕಟಕ, ಮಡ್‌ಗಾರ್ಡಿಗಿಟ್ಟರೂ ಟಕಟಕ. ಕೊನೆಗೆ ಕ್ಯಾಬಿನ್ನಿನ ಬಾಗಿಲಿಗಿಟ್ಟರು.

"ಬಾಗಿಲೂ ಬಡೀತಿದೆ ಕಣೋ," ಎಂದರು.

ಬಾಗಿಲೊಳಗೆ ಪಿಸ್ಟನ್ನು ಇರುವುದಿಲ್ಲವೆಂಬುದು ಬಾಮೈದನಿಗೆ ಹೊಳೆಯದೆ ಇರಲಿಲ್ಲ; ಬಾಯಿ ಬಿಡುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಅಕ್ಕ ಊಟದ ಡಬ್ಬಿ ಹಿಡಿದು ಬಂದಳು. ಕೋಲು ಕಚ್ಚಿ ನಿಂತ ಗಂಡನ ಪಕ್ಕ ಅರೆಗಳಿಗೆ ನಿಂತಳು.

"ರೀ, ಆ ಹಲ್ಲಿನ ಸೆಟ್ಟು ತೆಗೆದಿಟ್ಟು ಕೇಳ್ರೀ."

"ಏನಂದೆ?"

"ಬಡೀತಿರೋದು ನಿಮ್ಮ ಬಾಯಿ. ಊಟಕ್ಕೆ ಕೂತಾಗ್ಲೂ ಇದೇ ಸಂಗೀತ. ಇಷ್ಟು ದಿನ ನಾನೊಬ್ಳೇ ಕೇಳ್ತಿದ್ದೆ."

ಬೀದಿ ದಂಗುಬಡಿದು ನಿಂತಿತು. ಜಗದ್ವಿಖ್ಯಾತವಾದ ಆ ಹಲ್ಲುಗಳನ್ನು ಎಂದೋ ಕೀಳಿಸಿ, ಅವುಗಳ ಜಾಗದಲ್ಲಿ ಗುಟ್ಟಾಗಿ ಕಟ್ಟಿಸಿದ ಸೆಟ್ಟೊಂದು ಕೂತಿದೆ, ಅದೂ ಈಚೆಗೆ ಸಡಿಲವಾಗಿದೆ ಎಂಬುದು ಅಕ್ಕನಿಗಲ್ಲದೆ ನರಪಿಳ್ಳೆಗೂ ತಿಳಿದಿರಲಿಲ್ಲ. ಭಾವ ಗೋಡೆಗೆ ಮುಖಮಾಡಿ ಸೆಟ್ಟನ್ನು ಕೋಟಿನ ಜೇಬಿಗಿಳಿಸಿದರು. ಬಂದು ವಸಡಿನಲ್ಲಿ ಕೋಲು ಕಚ್ಚಿದರು. ಟಕಟಕ ಮಾಯ! ವೆಲ್ಡಿಂಗ್ ಅಂಗಡಿಯವನು ಹೊಟ್ಟೆ ಹಿಡಿದು ನಕ್ಕ. ಬಾಮೈದ ಸ್ಟಿಯರಿಂಗಿಗೆ ಹಣೆ ಹಚ್ಚಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಭಾವ ನಗಲಿಲ್ಲ. ಬಹಳ ಹೊತ್ತು ಇಂಜಿನ್ನನ್ನೇ ನೋಡಿ, "ಹೆಡ್ ಬಿಚ್ಚಬೇಕು," ಎಂದರು.

ಹಲ್ಲಿಗಿಂತ ದೊಡ್ಡ ಆಘಾತ ಇದು: ಹೆಡ್ ಎಂದರೆ ಪಿಸ್ಟನ್ನುಗಳ ಮೇಲೆ ಕೂತ ಭಾರದ ಮುಚ್ಚಳ, ಬಿಚ್ಚಿದರೆ ದಿನವೇ ಹೋಯಿತು.

"ಸದ್ದೇ ಇಲ್ವಲ್ಲ ಭಾವ! ಈಗ ಬಿಚ್ಚಿದ್ರೆ ನಾಳೆ ಲೋಡು ಹೋದ ಹಾಗೇ!"

"ಬಿಚ್ಚಬೇಕು."

"ಅಕ್ಕಾ, ನೀನಾದ್ರೂ ಹೇಳೇ!"

"ಹಲ್ಲಿನ ವಿಷಯ ಹೇಳಿದೆ. ಹೆಡ್ಡಿನ ವಿಷಯ ನಂಗೇನೋ ಗೊತ್ತು?"

ಬಾಮೈದ ಚಾವಿ ಹಿಡಿದೇ ಕುಳಿತ. ಕಾರ್ಖಾನೆಯವರ ಮಾತು ಒಂದು ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಎದುರಿಗೆ, ಕೆನ್ನೆ ಗುಳಿಬಿದ್ದು ಒಮ್ಮೆಲೇ ಮುದುಕನಾದ ಭಾವ, ಅಂಗಲಾಚುವವರಂತೆ ಅವನನ್ನೇ ನೋಡುತ್ತಿದ್ದರು. ಅವರು ಹಾಗೆ ನೋಡಿದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಚಾವಿ ತೆಗೆದು ಅವರ ಕೈಗಿಟ್ಟ.

ಹೆಡ್ ಎದ್ದಿತು. ಆ ಇಂಜಿನ್ನಿನ ಪ್ರತಿ ಪಿಸ್ಟನ್ನಿನ ನೆತ್ತಿಯಲ್ಲೂ ಒಂದು ಬಾಣದ ಗುರುತು. ಅದು ಮುಂದಿನ ಫ್ಯಾನಿನ ಕಡೆಗೆ ತಿರುಗಿರಬೇಕು. ತಿರುವುಮುರುವಾದರೆ ಖಾಲಿ ಲಾರಿಯಲ್ಲಿ ತಿಳಿಯದೆ ಇರಬಹುದು. ಭಾರ ಹೊತ್ತು ಏರು ಹತ್ತುವಾಗ ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಬಡಿದು ಬಡಿದು ಒಡೆಯುವುದೂ ಉಂಟು. ಭಾವ ಬಟ್ಟೆಯಿಂದ ಮಸಿ ಒರೆಸುತ್ತ ಬಂದರು. ಬಾಣಗಳೆಲ್ಲ ಸರಿಯಾಗಿಯೇ ಇದ್ದವು, ಕಟ್ಟಕಡೆಯದೊಂದು ಬಿಟ್ಟು. ಅದು ನೆಟ್ಟಗೆ ಡ್ರೈವರನ ಸೀಟಿನತ್ತ ಬೊಟ್ಟು ಮಾಡಿತ್ತು.

ಮರುದಿನ ಸಿಮೆಂಟು ಇನ್ಯಾರದೋ ಲಾರಿಯಲ್ಲಿ ಬೆಟ್ಟ ಹತ್ತಿತು. ಕಾರ್ಖಾನೆಯವರು ನುಡಿದಂತೆಯೇ ನಡೆದುಕೊಂಡರು. ಇತ್ತ ವೆಲ್ಡಿಂಗ್ ಅಂಗಡಿಯವನು ಹೊಸ ಪುರಾಣ ಆರಂಭಿಸಿದ್ದ: ಹಲ್ಲಿದ್ದಾಗ ಬರೀ ಇಂಜಿನ್ನು ಕೇಳುತ್ತಿತ್ತಂತೆ, ಈಗ ವಸಡಿಗೆ ಉಕ್ಕಿನೊಳಗಿನ ಬಾಣವೂ ಕಾಣುತ್ತದಂತೆ. ಎಲ್ಲರೂ ಸರಿಯೆಂದು ಚಪ್ಪಾಳೆ ತಟ್ಟುವಾಗ ಎದ್ದು, ತಾವೇ ಕಟ್ಟಿದ್ದನ್ನು ಬಿಚ್ಚಲು ಕೂರುವ ಒಂದು ಜಾತಿಯ ಜನರಿದ್ದಾರೆ. ಅವರೊಡನೆ ಸಂಸಾರವೂ ಕಷ್ಟ, ವ್ಯಾಪಾರವೂ ಕಷ್ಟ. ಆದರೆ ಬೆಟ್ಟ ಹತ್ತುವಾಗ ನಮ್ಮ ಇಂಜಿನ್ನನ್ನು ಅಂಥವರೇ ಕಟ್ಟಿರಬೇಕು.

ಬಾಮೈದನಿಗೂ ಕುತೂಹಲ ತಡೆಯಲಾಗಲಿಲ್ಲ. ಪಿಸ್ಟನ್ನು ತಿರುಗಿಸಿ ಕೂರಿಸುತ್ತಿದ್ದ ಭಾವನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಭಕ್ತಿಯಿಂದ ಕೇಳಿದ: "ನಿಜ ಹೇಳಿ ಭಾವ, ವಸಡಿಗೆ ಏನು ಕೇಳಿಸ್ತು?"

"ಏನೂ ಕೇಳಿಸ್ಲಿಲ್ಲ ಕಣೋ. ಕಡೇದು ಹಾಕೋವಾಗ ಬಾಣ ನೋಡಿದ್ನೋ ಇಲ್ವೋ, ನೆನಪಾಗ್ಲಿಲ್ಲ."