ತಂಬಾಕಿನ ಕಣ್ಣಿಗೆ ಸಿಕ್ಕ ರಕ್ತನಾಳ

ನಿಪ್ಪಾಣಿಯ ನಮ್ಮ ಕಟ್ಟೆಯ ಮೇಲೆ ಕೂತು, ಕೊಗನೊಳ್ಳಿಯಲ್ಲಿ ನಿಂತ ಎಮ್ಮೆಯ ಹೊಟ್ಟೆಯೊಳಗೆ ಕರು ಯಾವ ಮಗ್ಗುಲಾಗಿ ಮಲಗಿದೆ ಎಂದು ಹೇಳುವ ಕಣ್ಣು ನನ್ನದು. ನಂಬದವರು ಎಮ್ಮೆಯನ್ನೇ ಕೇಳಿಕೊಳ್ಳಬಹುದು.

ಎಲ್ಲ ತಂಬಾಕಿನ ಎಲೆ ನೋಡಿ ದರ್ಜೆ ಹೇಳುವ ನನ್ನ ಕಸುಬಿನ ವಿದ್ಯೆ. ಎಲೆಯ ಬೆನ್ನನ್ನು ನಮ್ಮ ಕಡೆ ಮಾಡಿ ಬೆಳಕಿಗೆ ಹಿಡಿಯಬೇಕು. ನರಗಳು ಉಬ್ಬಿ ಕಾಣುವುದು ಬೆನ್ನಿನಲ್ಲೇ. ಈ ನಬಿಸಾಬ ಹಾಗೆ ಹಿಡಿದನೆಂದರೆ ಎಲೆ ಹೆದರಿ ತನ್ನ ಹೊಲದ ಸರ್ವೆ ನಂಬರನ್ನೂ ಬಾಯಿಬಿಡುತ್ತದೆ.

ಆದ್ದರಿಂದ ಮೊಮ್ಮಗಳು ಸಾನಿಯಾಳ ಎದೆಯ ಸ್ಕ್ಯಾನ್ ಮಾಡಿದಾಗ ಕೊಲ್ಹಾಪುರದ ದವಾಖಾನೆಯವರು ಮೊದಲು ನನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ. ಡಾಕ್ಟರ್ ಪೂನಮ ಫಿಲ್ಮನ್ನು ದೀಪದ ಹಲಗೆಗೆ ಸಿಕ್ಕಿಸಿ ತಾವೇ ಶುರು ಮಾಡಿದರು.

“ಶ್ವಾಸಕೋಶದಾಗ ಸ್ವಚ್ಛ ಆದ ರಕ್ತ ಹೃದಯದ ಎಡಗಡೆ ಖೋಲಿಗೆ ಬರಬೇಕ್ರಿ ಅಜ್ಜಾರ. ಈಕಿದು ಬಲಗಡೆ ಒಂದು ನಾಳ ಹುಟ್ಟಿದಾಗಿಂದನ ದಾರಿ ಬಿಟ್ಟೈತಿ. ಹೊಲಸ ರಕ್ತದ ನಾಳಕ್ಕ ಹೋಗಿ ಕೂಡೇತಿ.”

“ಒಗದ ಅರಬಿ ಮತ್ತ ಹೊಲಸ ಬುಟ್ಟ್ಯಾಗ ಹಾಕಿದಂಗ,” ಎಂದಳು ನನ್ನ ಹೆಂಡತಿ ಹಮೀದಾಬಿ.

“ಹಂಗ ಅಮ್ಮಾರ. ಅದಕ್ಕ ಹೃದಯದ ಬಲಭಾಗ ಉಬ್ಬಾಕತ್ತೈತಿ, ಮೆಟ್ಟಲಾ ಹತ್ತಿದ್ರ ದಮ್ಮ ಬರತೈತಿ. ತಡಾ ಮಾಡಬ್ಯಾಡ್ರಿ. ಸೋಮವಾರ ಬರ್ರಿ, ಆಪರೇಷನ್ ಮಾಡಿ ನಾಳದ ದಾರಿ ತಿರುಗಸೋಣು.” ಆಮೇಲೆ ನನ್ನ ಕಡೆ ತಿರುಗಿದರು. “ಹುಡುಗಿ ನಿಮ್ಮ ಎದರಿಗೆ ನಿಂತಾಳ ಅನ್ಕೋರಿ. ಆಕಿ ಬಲಗಡೆ ನಿಮಗ ಎಡಕ್ಕ ಕಾಣತೈತಿ.”

ನನಗೇ ಪಾಠ!

ಮನೆಗೆ ಬಂದು ಫಿಲ್ಮನ್ನು ಕಿಟಕಿಗೆ ಹಿಡಿದೆ. ಎಲೆ ಹಿಡಿದಂತೆಯೇ, ಬೆನ್ನು ನನ್ನ ಕಡೆ. ದಾರಿ ತಪ್ಪಿದ ನಾಳ ನನ್ನ ಬಲಕ್ಕೆ ಕಂಡಿತು. ಅಂದರೆ ಹುಡುಗಿಯ ಎಡಕ್ಕೆ! ಡಾಕ್ಟರು ಹೇಳಿದ್ದು ಬಲಕ್ಕೆ. ಡಾಕ್ಟರದೇ ತಪ್ಪೆಂದು ಚಹಾದಂಗಡಿಗೆ ಹೋಗಿ ಸಾರಿದೆ. ಸುದ್ದಿ ಅಥಣಿ ದಾಟಿ ತೆಲಸಂಗ ಮುಟ್ಟುವ ಹೊತ್ತಿಗೆ ಆಪರೇಷನ್ನನ್ನು ನಾನೇ ಮುಗಿಸಿ ಹೊಲಿಗೆಯನ್ನೂ ಹಾಕಿದ್ದೆ.

ಸಾನಿಯಾಳ ಅಪ್ಪ ಇಮ್ರಾನ ಮನೆಗೆ ಓಡಿ ಬಂದ. “ಅಬ್ಬಾ, ಡಾಕ್ಟರ್ ತಪ್ಪ ಹೇಳ್ಯಾರಂತ, ಖರೇನ?”

“ನೋಡಿದ ಕಣ್ಣ ಯಾರದಲೇ?” ಎಂದು ಫಿಲ್ಮನ್ನು ಮತ್ತೆ ಹಾಗೇ ಕಿಟಕಿಗೆ ಹಿಡಿದೆ.

“ಹಂಗಾರ ಸೋಮವಾರ ಬ್ಯಾಡ ಅಂತ ಹೇಳಿಬಿಡ್ತೀನಿ,” ಎಂದು ಅವನು ಫೋನು ತೆಗೆದ. ಹಮೀದಾಬಿ ದವಾಖಾನೆಗೆಂದು ಕಟ್ಟಿದ ಬ್ಯಾಗನ್ನು ಬಿಚ್ಚತೊಡಗಿದಳು.

ಅಷ್ಟರಲ್ಲಿ ಸಾನಿಯಾ ಮೆಟ್ಟಿಲು ಹತ್ತಿ ಬಂದಳು. ಬಾಗಿಲು ಹಿಡಿದು ನಿಂತು, ಏದುಸಿರು ಇಳಿಯುವವರೆಗೆ ನನ್ನ ಕೈಯ ಫಿಲ್ಮನ್ನೇ ನೋಡಿದಳು.

“ದಾದಾ, ಇದರಾಗ ಬರದ ನನ್ನ ಹೆಸರ ಉಲ್ಟಾ ಐತಿ.”

“ಇಂಗ್ಲಿಷ್ ಹಂಗ ಇರತೈತಿ ಬೇ.”

“ಸಾಲ್ಯಾಗ ಆರನೇತ್ತಾ ಓದಾಕತ್ತೀನಿ. ಹಂಗ ಇರಂಗಿಲ್ಲ.”

ಫಿಲ್ಮನ್ನು ಕಸಿದು ತಿರುವಿದಳು. ಹೆಸರು ನೆಟ್ಟಗಾಯಿತು. ನಾಳ ಟಣ್ಣನೆ ಜಿಗಿದು ಎಡಕ್ಕೆ, ಡಾಕ್ಟರು ತೋರಿಸಿದ ಜಾಗಕ್ಕೇ ಹೋಗಿ ಕೂತಿತು. ಇಮ್ರಾನನ ಹೆಬ್ಬೆರಳು ಫೋನಿನ ಮೇಲೆ ನಿಂತುಬಿಟ್ಟಿತು.

“ತಂಬಾಕಿನ ಚೀಲದ ಮ್ಯಾಲಿನ ಇಂಗ್ಲಿಷೆಲ್ಲಾ ಓದತಿ,” ಎಂದಳು ಸಾನಿಯಾ. “ಕೊಗನೊಳ್ಳಿ ಎಮ್ಮಿ ಹೊಟ್ಟ್ಯಾಗಿನ ಕರಾ ಕಾಣತೈತಿ ಅಂತ ದಿನಾ ಹೇಳತಿ. ಮೂಗಿನ ಮುಂದಿನ ನನ್ನ ಹೆಸರ ಕಾಣಲಿಲ್ಲ? ಕಣ್ಣ ಸುಳ್ಳೋ, ನೀ ಸುಳ್ಳೋ?”

“ಹೇಳ್ರಿ ಈಗ,” ಎಂದಳು ಹಮೀದಾಬಿ, ಬ್ಯಾಗಿನ ಮೇಲೆ ಕೈಯಿಟ್ಟು.

ನಾನು ಗೋಡೆಗೆ ಒರಗಿ ಕೂತೆ.

“ಗೊತ್ತಿತ್ತವಾ,” ಎಂದೆ. “ಹಿಡದ ಕೂಡ್ಲೇನ ಹೆಸರ ಕಂಡಿತ್ತು. ತಿರುವಲಿಲ್ಲ. ಡಾಕ್ಟರ್‌ದು ಸುಳ್ಳ ಅಂತ ಆದ್ರ ನಿನ್ನ ಎದಿ ಯಾರೂ ಕೊಯ್ಯಂಗಿಲ್ಲ ಅಂತ... ಅಂಜೀನಿ ನಾ.”

“ಕೊಯ್ಸಿಕೊಳ್ಳಾಕಿ ನಾ. ಅಂಜಾಂವ ನೀನ?”

ಹಮೀದಾಬಿ ಅರಬಿಗಳನ್ನು ಮತ್ತೆ ಬ್ಯಾಗಿಗೆ ತುರುಕಿದಳು, ನನ್ನ ಲುಂಗಿಯನ್ನೂ ಸೇರಿಸಿ. “ಸೋಮವಾರ ನೀವೂ ಬರ್ರಿ. ಬಾಯಿ ಅಷ್ಟ ಮನ್ಯಾಗ ಬಿಟ್ಟ ಬರ್ರಿ.”

ಸಾನಿಯಾ ನನ್ನ ಪಕ್ಕ ಕೂತು ಫಿಲ್ಮನ್ನು ಲಕೋಟೆಗೆ ಹಾಕಿದಳು.

“ಮತ್ತ ಎಮ್ಮಿ, ದಾದಾ?”

“ಕರಾ ಬಿಡು, ಎಮ್ಮಿನೂ ಕಾಣಂಗಿಲ್ಲವಾ.”