ಐದು ಬೈ ಹದಿನಾರು

ಪೀಣ್ಯದ ಆ ಶೆಡ್ಡಿನಲ್ಲಿ ಡ್ರಿಲ್ಲಿಂಗ್ ಮಷಿನ್ ಅಂದರೆ ಕೊಟ್ರಪ್ಪ, ಕೊಟ್ರಪ್ಪ ಅಂದರೆ ಡ್ರಿಲ್ಲಿಂಗ್ ಮಷಿನ್. ಕೂಡ್ಲಿಗಿ ಕಡೆಯ ಮನುಷ್ಯ, ನಾಲ್ಕನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು. ಆದರೂ ಮಿಲಿಮೀಟರಿನ ಕೆಲಸದಲ್ಲಿ ಅವನ ಕೈ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅದರಲ್ಲಿ ಕಷ್ಟವೇನಿದೆ? ಡ್ರಿಲ್ಲಿನ ಬುಡದಲ್ಲಿ ಎಂಟು ಎಂದಿದ್ದರೆ ಎಂಟು, ಒಂಬತ್ತು ಎಂದಿದ್ದರೆ ಅದಕ್ಕಿಂತ ದಪ್ಪ. ತೊಂಬತ್ಮೂರರ ಬೇಸಿಗೆಯಲ್ಲಿ ಹೊರದೇಶದ ಪಂಪಿನ ಆರ್ಡರ್ ಬಂತು, ಜೊತೆಗೆ ಬುಡದಲ್ಲಿ ಭಿನ್ನರಾಶಿ ಬರೆದ ಇಂಚಿನ ಡ್ರಿಲ್ಲುಗಳೂ ಬಂದವು. ಅವನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಮೊದಲು ಸಣ್ಣ ಡ್ರಿಲ್ಲಿನಿಂದ ತೂತು ಕೊರೆದು, ಆಮೇಲೆ ಒಂಬತ್ತು ಬೈ ಮೂವತ್ತೆರಡರದ್ದು ಹಾಕಿ ಅಳತೆಗೆ ತರಬೇಕಿತ್ತು. ಸಣ್ಣದೆಂದು ಕೊಟ್ರಪ್ಪ ಎತ್ತಿಕೊಂಡಿದ್ದು ಐದು ಬೈ ಹದಿನಾರು. ಪಕ್ಕದ ಮಷಿನ್ನಿನಲ್ಲಿ ಮುತ್ತು ಇದ್ದ. ಕೊಟ್ರಪ್ಪನ ಹೆಂಡತಿ ದುರ್ಗವ್ವನ ಅಣ್ಣನ ಮಗ. ಕೊಟ್ರಪ್ಪನೇ ಊರಿಂದ ಕರೆತಂದು ಕೆಲಸಕ್ಕೆ ಹಚ್ಚಿ, ಮನೆಯಲ್ಲೇ ಇಟ್ಟುಕೊಂಡಿದ್ದ. ಅದು ದೊಡ್ಡದಿದ್ದಂತಿದೆ, ಒಮ್ಮೆ ಅಳೆದು ನೋಡೋಣ ಎಂದು ಮುತ್ತು ಮೆಲ್ಲಗೆ ಹೇಳಿದ.

"ಐದು ದೊಡ್ಡದೋ ಒಂಬತ್ತು ದೊಡ್ಡದೋ? ಮ್ಯಾಲಿಂದೂ ಸಣ್ಣದು, ಕೆಳಗಿಂದೂ ಸಣ್ಣದು. ಎಸೆಸೆಲ್ಸಿ ಓದಿ ಇಷ್ಟೂ ತಿಳಿಯಂಗಿಲ್ಲೇನೋ?"

ಶೆಡ್ಡಿನವರೆಲ್ಲ ನಕ್ಕರು. ಮುತ್ತು ತನ್ನ ಕೆಲಸಕ್ಕೆ ಬಗ್ಗಿದ.

ಮಧ್ಯಾಹ್ನದ ಹೊತ್ತಿಗೆ ಟ್ರೇಯಲ್ಲಿದ್ದ ಪೀಸುಗಳಿಗೆಲ್ಲ ತೂತು ಹಾಕಿಯಾಗಿತ್ತು. ಕೊಟ್ರಪ್ಪ ಡ್ರಿಲ್ಲು ಬದಲಿಸಿ ಇಳಿಸಿದ. 'ದೊಡ್ಡ' ಡ್ರಿಲ್ಲು ತೂತಿನೊಳಗೆ ಸಲೀಸಾಗಿ ಇಳಿಯಿತು, ಒಂದು ಚೂರು ಕಬ್ಬಿಣವೂ ಉದುರಲಿಲ್ಲ. ಇನ್ನೊಂದು ಪೀಸು ಇಟ್ಟ. ಅದೂ ಹಾಗೇ. ಮೊದಲ ತೂತೇ ಅಳತೆ ಮೀರಿತ್ತು, ಇಡೀ ಟ್ರೇ ಹಾಳು.

ಮಾಲೀಕರು ಗೋಪಾಲಪ್ಪ ಬಂದು ನೋಡಿದರು. ಆ ಡ್ರಿಲ್ಲು ಆರಿಸಿದ್ದು ಯಾರೆಂದು ಕೇಳಿದರು. ಕೊಟ್ರಪ್ಪ ಸುಳ್ಳು ಹೇಳಲಿಲ್ಲ, ಪಾಪ. ಸುಮ್ಮನೆ ಮುತ್ತುವಿನ ಕಡೆ ನೋಡಿದ, ಅಷ್ಟೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಮುತ್ತು ಆ ನೋಟವನ್ನು ನೋಡಿ, ತಲೆ ತಗ್ಗಿಸಿ, ತಾನೇ ತೆಗೆದುಕೊಟ್ಟೆ ಎಂದ. ಬೆಳಗ್ಗೆ ನಕ್ಕವರೆಲ್ಲ ತಮ್ಮ ತಮ್ಮ ಮಷಿನ್ನಿನ ಕಡೆ ತಿರುಗಿಕೊಂಡರು. ನಾಳೆಯಿಂದ ಬರಬೇಡ ಎಂದು ಮುತ್ತುವಿಗೆ ಹೇಳಿ ಗೋಪಾಲಪ್ಪ ಹೊರಟುಹೋದರು.

ಸಂಜೆ ದುರ್ಗವ್ವ ರೊಟ್ಟಿ ಬಡಿಸುತ್ತ ಅಳಿಯನಿಗೆ ಬೈದದ್ದೇ ಬೈದದ್ದು. ಮಾಮನ ಹೆಸರು ಕೆಡಿಸಿದೆ, ಅವರ ಕೈ ನೋಡಿ ಒಂದಿಷ್ಟು ಕಲಿಯಬಾರದಿತ್ತೆ ಎಂದಳು. ಕಣ್ಣು ಮೋಸ ಹೋಯಿತು ಅತ್ತಿ ಎಂದು ಮುತ್ತು ಮುರಿದ ರೊಟ್ಟಿಯನ್ನು ಪಲ್ಯದಲ್ಲಿ ಅದ್ದಿದ. ಕೊಟ್ರಪ್ಪನಿಗೆ ಸಾಯುವಷ್ಟು ನಾಚಿಕೆಯಾಯಿತು. ಹಸಿವಿಲ್ಲವೆಂದು ಎದ್ದು, ಕೈ ತೊಳೆಯಲು ಹೊರಗೆ ಬಂದ.

ಮುತ್ತು ಹಿಂದೆಯೇ ಬಂದು ತಂಬಿಗೆಯಿಂದ ಅವನ ಕೈಗೆ ನೀರು ಹಾಕಿದ. ಒಳಗೆ ಕೇಳಿಸದಂತೆ ದನಿ ತಗ್ಗಿಸಿದ.

"ಮಾಮಾ, ಕೆಳಗಿಂದು ಎರಡೂ ಒಂದೇ ಮಾಡ್ಕೋಬೇಕ್ರಿ. ಹದಿನಾರನ್ನ ಮೂವತ್ತೆರಡು ಮಾಡಿದ್ರ, ಐದು ಹತ್ತು ಆಗತೈತಿ. ಒಂಬತ್ತಕ್ಕಿಂತ ಒಂದು ಹೆಚ್ಚು. ಇಂಚಿನ ಕೆಲಸ ಇನ್ನೂ ಭಾಳ ಐತಿ. ನಾಳೆಯಿಂದ ನಾ ಇರಂಗಿಲ್ಲ, ಯಾರನ್ನ ಕೇಳ್ತೀರಿ?"

ಅದರಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಕೊಟ್ರಪ್ಪ ಹೇಗೋ ತಡೆದುಕೊಳ್ಳುತ್ತಿದ್ದ. ಒದ್ದೆ ಕೈಯಲ್ಲೇ ಅಂಗಿ ಹಾಕಿಕೊಂಡು ಶೆಡ್ಡಿನ ದಾರಿ ಹಿಡಿದ.

ಗೋಪಾಲಪ್ಪ ಬಾಗಿಲಿಗೆ ಬೀಗ ಹಾಕುತ್ತಿದ್ದರು. ಏನಯ್ಯಾ ಎಂದರು.

"ಸಾರ್, ಡ್ರಿಲ್ ತಗೊಂಡಾಂವ ನಾನ. ಅವ ಬ್ಯಾಡ ಅಂದಿದ್ದ. ಎಲ್ಲಾರ ಮುಂದ ಅವನ್ನ ನಗಿಪಾಟಲು ಮಾಡಿದೆ."

ಹೇಳಿದರೆ ಎದೆ ಹಗುರಾದೀತು ಎಂದುಕೊಂಡಿದ್ದ. ಹಗುರಾಗಲಿಲ್ಲ, ತಲೆಯನ್ನೂ ಎತ್ತಲಾಗಲಿಲ್ಲ.